ಮುಂಬೈ ಮ್ಯೂಜಿಯಮಿಗೆ ಹುಕ್ಕೇರಿ ಮಂದಿ

ಹಳೇ ಕಾಲದ ವಸ್ತುಗಳು ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನೆ ಇರುತ್ತವೆ. ನೋಡಲು ಹೋದ ನಮ್ಮ ಮಂದಿ ಸುಮ್ಮನಿರುವುದಿಲ್ಲ. ನಾನು ಹುಕ್ಕೇರಿಯಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಸ್ವಾತಂತ್ರ್ಯ ಬಂದ ಮೇಲಿನ ಹದಿನೈದು ವರ್ಷಗಳಲ್ಲಿ ಹೆಚ್ಚುಕಡಿಮೆ ಪ್ರತಿ ಬೇಸಿಗೆ ರಜೆಗೆ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ ಒಂದು ತಂಡವನ್ನು ಮುಂಬೈಗೆ ಕರೆದೊಯ್ಯುತ್ತಿದ್ದೆ. ಮೊದಲು ಬರೀ ಮಾಸ್ತರರು ಬರುತ್ತಿದ್ದರು. ಆಮೇಲೆ ಅವರ ಹೆಂಡಿರು, ಅತ್ತೆಯರು, ಊರ ಗೌಡರು, ಎಲ್ಲರೂ ಸೇರಿಕೊಂಡರು. ಅಲ್ಲಿಯ ದೊಡ್ಡ ಮ್ಯೂಜಿಯಮಿನಲ್ಲಿ ಒಬ್ಬ ವಿದ್ವಾಂಸರಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಬೇಕು, ನಾನು ಕನ್ನಡಕ್ಕೆ ತಿರುಗಿಸಬೇಕು. ನಮ್ಮವರು ಅಂದದ್ದನ್ನು ಇಂಗ್ಲಿಷಿಗೆ ತಿರುಗಿಸುವ ಕಷ್ಟವೂ ನನ್ನದೇ.

ತೂತಿನ ಗಡಿಗಿ

ಸಿಂಧೂ ಕಣಿವೆಯದೊಂದು ಮಣ್ಣಿನ ಪಾತ್ರೆ. ಆಳೆತ್ತರದ ಅರ್ಧದಷ್ಟಿತ್ತು. ಮೈತುಂಬ ತೂತು. ಇದು ಯಾಕೆ ಬೇಕಾಗಿತ್ತೋ ಇನ್ನೂ ಖಚಿತವಾಗಿಲ್ಲ ಎಂದರು ವಿದ್ವಾಂಸರು. ಮೊಸರು ಸೋಸಲು ಇದ್ದೀತು ಎಂದು ಕೆಲವರ ಅಭಿಪ್ರಾಯ.

ಕುಲಗೋಡದಿಂದ ಬಂದಿದ್ದ ನಮ್ಮ ಸಹೋದ್ಯೋಗಿಯ ಅತ್ತೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದಳು.

"ಮಾಸ್ತರ್ರ, ಈ ಮೊಸರಿನ ಮಾತು ಹೇಳಿದವ ಗಂಡಸೋ, ಹೆಂಗಸೋ ಕೇಳ್ರಿ."

ಕೇಳಿದೆ. ಗಂಡಸರೇ ಎಂದರು.

"ಅದಕ್ಕ! ಒಂದೊಂದು ತೂತಿನಾಗೂ ಮೊಸರು ಸಿಕ್ಕೊಂಡ್ರ ತೊಳಿಯಾಕಿ ಯಾರ? ಒಂದ ದಿನ ಭಾಂಡಿ ತಿಕ್ಕಿದ್ರ ಆ ಮನುಷ್ಯಾ ಹಿಂಗ ಅಂತಿದ್ದಿಲ್ಲ."

ವಿದ್ವಾಂಸರು ಕಿಸೆಯಿಂದ ಚೀಟಿ ತೆಗೆದು ಅದನ್ನು ಬರೆದುಕೊಂಡರು. ಮರುವರ್ಷ ಹೋದಾಗ ಮೊಸರಿನ ಮಾತನ್ನೇ ಎತ್ತಲಿಲ್ಲ.

ಕೆಡದೇ ಇಡುವ ವಿದ್ಯೆ

ಇನ್ನೊಂದು ಸಲ ಒಬ್ಬ ತಲಾಟಿ ಬಂದಿದ್ದರು. ಹಳ್ಳಿಯ ಹೊಲಗಳ ಕಾಗದಪತ್ರ ನೋಡಿಕೊಳ್ಳುವವರು. ಈಜಿಪ್ತಿನ ಕೋಣೆಯಲ್ಲಿ ಬಟ್ಟೆ ಸುತ್ತಿದ ಹೆಣವೊಂದು ಮಲಗಿತ್ತು. ಮೂರು ಸಾವಿರ ವರ್ಷ ಕೆಡದಂತೆ ಇಡಲು ಏನೇನು ಉಪ್ಪು, ಎಷ್ಟು ಎಣ್ಣೆ, ಎಷ್ಟು ಸುತ್ತು ಬಟ್ಟೆ ಬೇಕಾಯಿತೆಂದು ವಿದ್ವಾಂಸರು ಕಾಲು ತಾಸು ವಿವರಿಸಿದರು.

ತಲಾಟಿ ಎಲ್ಲ ಕೇಳಿ ತಲೆಯಾಡಿಸಿದರು. "ಸುಳ್ಳ ತ್ರಾಸು ತಗೊಂಡಾರ ನೋಡ್ರಿ. ನಮ್ಮ ಕಾಗದಪತ್ರದಂಗ ಕೆಂಪು ರುಮಾಲಿನಾಗ ಕಟ್ಟಿ ಕಚೇರಿ ಕಪಾಟಿನ ಮ್ಯಾಲ ಇಟ್ಟಿದ್ರ ಸಾಕಿತ್ತು. ಇನ್ನೂ ಮೂರು ಸಾವಿರ ವರ್ಷ ಯಾರೂ ಮುಟ್ಟತಿದ್ದಿಲ್ಲ."

ನನ್ನದೇ ಒಂದು

ಒಂದು ವರ್ಷ ವಿದ್ವಾಂಸರಿಗೆ ಜ್ವರ. ಇಷ್ಟು ವರ್ಷ ಕೇಳಿದ್ದೇನಲ್ಲ, ನಾನೇ ಹೇಳುತ್ತೇನೆಂದು ಮೂಡಲಗಿಯ ಕಡೆಯ ಹದಿನೆಂಟು ಮಂದಿಯನ್ನು ಒಳಗೆ ಕರೆದುಕೊಂಡು ಹೋದೆ. ಚೆನ್ನಾಗಿಯೇ ನಡೆಯಿತು. ಬ್ಯಾಬಿಲೋನಿನ ಕೋಣೆಯ ಮೂಲೆಯಲ್ಲಿ ಒಂದು ದುಂಡು ಕಲ್ಲು ಕಂಡಿತು. ಹಿಂದೆ ನೋಡಿದ ನೆನಪಿರಲಿಲ್ಲ. ಹೊಸದಾಗಿ ತಂದಿರಬೇಕೆಂದುಕೊಂಡೆ. ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ. ಇದು ಬಲಿಪೀಠ ಎಂದೆ. ಮೇಲಿನ ನುಣುಪು ಪೂಜಾರಿಗಳ ಕೈ ತಾಗಿ ತಾಗಿ ಆದದ್ದು ಎಂದೆ. ಕುರಿಯ ತಲೆ ಯಾವ ದಿಕ್ಕಿಗೆ ಇರುತ್ತಿತ್ತು ಎಂಬುದನ್ನೂ ಹೇಳಿದೆ. ಎಲ್ಲರೂ ಕೈಕಟ್ಟಿ ಕೇಳಿದರು.

ಅಷ್ಟರಲ್ಲಿ ಪಹರೆಯವ ಬಂದ. ಹೆಗಲ ಮೇಲಿನ ವಸ್ತ್ರದಿಂದ ಬಲಿಪೀಠವನ್ನು ಒರೆಸಿದ, ಅದರ ಮೇಲೆ ಕೂತ, ಬೂಟು ಬಿಚ್ಚಿ ಕಾಲು ತಿಕ್ಕಿಕೊಳ್ಳತೊಡಗಿದ.

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಹೊರಗೆ ಬಂದ ಮೇಲೆ ಒಬ್ಬ ಹಿರಿಯ ಹೆಂಗಸು ನನ್ನನ್ನು ಸಮಾಧಾನ ಮಾಡಿದಳು. "ಮನಸ್ಸಿಗೆ ಹಚ್ಕೋಬ್ಯಾಡ್ರಿ ಸರ. ಅದು ಕುಂದರೂ ಕಲ್ಲು ಅಂತ ನಮಗ ಗೊತ್ತಿತ್ತು. ನೀವು ಹಿಂದ ಉಳದವರನ್ನ ಕರಿಯಾಕ ಹೋದಾಗ ನಾ ಅದರ ಮ್ಯಾಲನ ಕುಂತು ಎಲಿ ಅಡಿಕಿ ಹಾಕ್ಕೊಂಡೆ. ನೀವು ಅಷ್ಟು ಚಂದ ಹೇಳಾಕತ್ತಿದ್ರಿ, ನಡುವ ಯಾಕ ಬಾಯಿ ಹಾಕೂದು ಅಂತ ಬಿಟ್ಟಿವಿ."

ಹಗ್ಗ

ನಮ್ಮ ಸಾಲೆಯಲ್ಲಿ ಒಬ್ಬ ತರುಣ ಮಾಸ್ತರನಿದ್ದ. ಆತನ ಮನೆಮಂದಿಯೆಲ್ಲ ಆಗಷ್ಟೇ ಬೌದ್ಧರಾಗಿದ್ದರು. ಬುದ್ಧನ ಹಳೇ ಮೂರ್ತಿ ತೋರಿಸಬೇಕೆಂದು ಆತ ತನ್ನ ಅಪ್ಪನನ್ನು ಕರೆತಂದಿದ್ದ. ಆ ಮುದುಕ ಆಯುಷ್ಯವೆಲ್ಲ ತನ್ನೂರ ಗೌಡರ ಹೊಲದಲ್ಲಿ ದುಡಿದವನು. ಗೌಡರ ಜತೆ ಮಾತಾಡುವುದಿದ್ದರೆ ಅವರ ಮನೆಯ ಕಟ್ಟೆಯ ಕೆಳಗೆ ದೂರ ನಿಂತೇ ಮಾತಾಡಿದವನು. ಅದೇ ಗೌಡರೂ ಆ ಸಲ ನಮ್ಮ ತಂಡದಲ್ಲಿದ್ದರು.

ಗಾಂಧಾರದ ಬುದ್ಧನ ಮುಂದೆ ವಿದ್ವಾಂಸರು ಉಡುಪಿನ ನೆರಿಗೆಗಳ ಬಗ್ಗೆ ಹೇಳುತ್ತಿದ್ದರು. ಮುದುಕ ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ನಿಂತ.

"ಅಪ್ಪಾ, ಮುಂದ ಬಾ."

"ಇಲ್ಲಿಂದನ ಕಾಣತೈತಿ ಬಿಡೋ," ಎಂದ ಮುದುಕ.

ಗೌಡರು ಮಾತ್ರ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಮೂರ್ತಿಯ ಪಾದ ಮುಟ್ಟಲು ಬಾಗಿದರು. ಪಹರೆಯವ ಓಡಿ ಬಂದು ತೋಳು ಹಿಡಿದು ಹಿಂದಕ್ಕೆ ತಂದ.

"ನಾ ಯಾರು ಅಂತ ಹೇಳ್ರಿ ಅವಗ," ಎಂದರು ಗೌಡರು ನನಗೆ.

ಹೇಳಿದೆ. ಪಹರೆಯವ ಮರಾಠಿಯಲ್ಲಿ ಕೊಟ್ಟ ಉತ್ತರವನ್ನು ಒಂದಕ್ಷರ ಬಿಡದೆ, ಇಡೀ ಕೋಣೆಗೆ ಕೇಳುವಂತೆ ಕನ್ನಡಕ್ಕೆ ತಿರುಗಿಸಿದೆ. "ಮಂತ್ರಿ ಬಂದ್ರೂ ಹಗ್ಗದ ಈಚೆಗನ ನಿಂದರಬೇಕಂತ. ಎಲ್ಲಾರೂ."

"ಎಲ್ಲಾರೂ ಅಂದ್ನ?" ಬಾಗಿಲ ಕಡೆಯಿಂದ ಕೇಳಿತು.

"ಎಲ್ಲಾರೂ ಅಂದ, ಅಪ್ಪಾ," ಎಂದ ಮಗ.

ಮುದುಕ ನಿಧಾನಕ್ಕೆ ನಡೆದುಬಂದ. ಹಗ್ಗಕ್ಕೆ ಎದೆ ತಾಗುವಷ್ಟು ಮುಂದೆ ಬಂದು ಕೈಮುಗಿದ. ಬಹಳ ಹೊತ್ತು ನಿಂತ. ಆಮೇಲೆ ಮುದುಕ ಪಕ್ಕಕ್ಕೆ ನೋಡಿದ. ಗೌಡರ ಮುಖ ಕೆಂಪಾಗಿತ್ತು, ಎಲ್ಲಿ ನಿಲ್ಲಬೇಕೋ ತಿಳಿಯದೆ ಹಿಂದೆ ನಿಂತಿದ್ದರು. ಮುದುಕ ಒಂದು ಗೇಣು ಸರಿದು ಜಾಗ ಮಾಡಿಕೊಟ್ಟ.

"ಬರ್ರಿ ಗೌಡ್ರ, ಇಲ್ಲಿ ನಿಂದರ್ರಿ," ಎಂದ ಬಲು ಮರ್ಯಾದೆಯಿಂದ. "ದೂರ ನಿಂದರ ಅಂದ್ರ ಮೊದಲ ಮೊದಲ ಒಂದೀಟು ಕೆಟ್ಟ ಅನಸತೈತಿ. ಆಮ್ಯಾಲ ರೂಢಿ ಆಗತೈತ್ರಿ."