ಮೂವತ್ತು ಜನರ ತಂಪು

ಬೆವರುವುದನ್ನು ಒಂದು ವಿದ್ಯೆಯೆಂದು ಪರಿಗಣಿಸುವ ಪದ್ಧತಿ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ದೊಡ್ಡ ವಿದ್ವಾಂಸನೆನಿಸಿಕೊಂಡು ಶಾಲು ಹೊದೆಸಿಕೊಳ್ಳುತ್ತಿದ್ದೆ. ಬೇರೆಯವರು ಓಡಿದರೆ ಬೆವರುತ್ತಾರೆ, ಹೆದರಿದರೆ ಬೆವರುತ್ತಾರೆ. ನಾನು ಸುಮ್ಮನೆ ಕುಳಿತುಕೊಂಡೇ ಬೆವರಬಲ್ಲೆ. ನಮ್ಮ ಮದುವೆಯ ಫೋಟೋದಲ್ಲಿ ನನ್ನ ಹೆಂಡತಿ ಕುಸುಮ ತಲೆ ತಗ್ಗಿಸಿಕೊಂಡು ಲಕ್ಷಣವಾಗಿ ನಿಂತಿದ್ದಾಳೆ. ಪಕ್ಕದಲ್ಲಿ ನಾನು ಆಗಷ್ಟೇ ಕೆರೆಯಿಂದ ಎದ್ದು ಬಂದವನ ಹಾಗಿದ್ದೇನೆ. ಇಂಥವನಿಗೆ ದೇವರು ಕೊಟ್ಟ ಉದ್ಯೋಗವಾದರೂ ಯಾವುದು? ಮುಂಬಯಿಯ ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವುದು. ಗಲ್ಲಾದ ಬೆನ್ನಿಗೆ ಅಡುಗೆಮನೆಯ ಗೋಡೆ, ಗೋಡೆಯ ಆಚೆ ದೋಸೆಯ ಕಾವಲಿ. ಹನ್ನೆರಡು ವರ್ಷ ನಾನು ಗಿರಾಕಿಗಳಿಗೆ ಮುಖ ಕೊಟ್ಟು, ಕಾವಲಿಗೆ ಬೆನ್ನು ಕೊಟ್ಟು ಕುಳಿತೆ. ದೋಸೆಯನ್ನಾದರೆ ಮಗುಚಿ ಹಾಕುತ್ತಾರೆ, ನನಗೆ ಆ ಭಾಗ್ಯವೂ ಇರಲಿಲ್ಲ.

ಅರುವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಧಣಿಗಳಾದ ಉಪಾಧ್ಯರು ನನ್ನನ್ನು ಹೊರಗೆ ಕರೆದು, ಎದುರು ಸಾಲಿನ ಹೋಟೆಲಿನ ಕಡೆ ಕೈ ತೋರಿಸಿದರು. ಅಲ್ಲಿ ನೀಲಿ ಬಣ್ಣದ ಹೊಸ ಬೋರ್ಡು ಏರಿತ್ತು. ಅದರ ಅಕ್ಷರಗಳ ಮೇಲೆಲ್ಲ ಹಿಮ ಬಿದ್ದ ಹಾಗೆ ಚಿತ್ರ ಬರೆಸಿದ್ದರು.

"ಗೋಪಾಲ, ಕಂಡ್ಯಾ? ಏರ್‌ಕಂಡೀಶನ್ ಅಂತೆ. ಜನ ಅಲ್ಲಿಗೆ ಇಡ್ಲಿ ತಿನ್ಲಿಕ್ಕೆ ಹೋಗುದಲ್ಲ, ತಂಪಿಗೆ ಹೋಗುದು. ನಾವೂ ಮಾಡುವ."

"ಮಾಡುವ," ಎಂದೆ. ಧಣಿಗಳು ಏನೆಂದರೂ ಮೊದಲು ಅದನ್ನೇ ತಿರುಗಿ ಹೇಳುವುದು ನನ್ನ ಅಭ್ಯಾಸ.

"ಬಿಲ್ಡಿಂಗು ನಮ್ಮದೇ ಉಂಟಲ್ಲ, ಯಾರನ್ನು ಕೇಳ್ಬೇಕು? ನೀನು ಸೈನ್ಸ್ ಓದಿದವ. ಯಾವ ಮೆಷಿನ್ ಅಂತ ನೀನೇ ನೋಡಿ ಮಾಡು. ಕೆಲಸ ಸರಿ ಆಯ್ತಂದ್ರೆ ಮೇಲಿನ ಹಾಲಿಗೆ ಬೇರೆ ಗಲ್ಲಾ ಇಡುವ. ಅದರಲ್ಲಿ ನೀನೇ ಕೂತ್ಕೋ."

ನಾನು ಸೈನ್ಸ್ ಓದಿದ್ದು ಇಂಟರ್‌ನಲ್ಲಿ ಒಂದು ವರ್ಷ. ಆ ವರ್ಷದ ಕೊನೆಗೆ ಸೈನ್ಸೂ ನಾನೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿದ್ದೆವು. ಆದರೆ ತಂಪಿನಲ್ಲಿ ಒಂದು ಕುರ್ಚಿ ಎಂದ ಮೇಲೆ ಇದನ್ನೆಲ್ಲ ಬಿಡಿಸಿ ಹೇಳುವಷ್ಟು ಪ್ರಾಮಾಣಿಕ ನಾನಲ್ಲ. ಸಂಜೆ ಕುರ್ಲಾದ ಚಾಳಿನಲ್ಲಿದ್ದ ನಮ್ಮ ಒಂದು ಕೋಣೆಯ ಮನೆಗೆ ಹೋಗಿ ಕುಸುಮಳಿಗೆ ಹೇಳಿದೆ. ಅವಳು ಉಲ್ಲನ್ ತಂದು ಅರೆತೋಳಿನ ಸ್ವೆಟರ್ ಹೆಣೆಯಲು ಕುಳಿತಳು. ಮುಂಬಯಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಗಂಡನಿಗೆ ಸ್ವೆಟರ್ ಹೆಣೆದ ಹೆಂಗಸು ಇನ್ನೊಬ್ಬಳು ಇರಲಾರಳು. ಪಕ್ಕದ ಖೋಲಿಯವರು ಬಂದು ಬಂದು ನೋಡಿಹೋದರು.

ಮೆಷಿನ್ ಕಂಪನಿಯ ಇಂಜಿನಿಯರ್ ಒಬ್ಬರು ಪಾರ್ಸಿ, ದಸ್ತೂರ್ ಸಾಹೇಬರು ಅಂತ. ಬಿಳಿಯ ಪ್ಯಾಂಟು, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ಸಿಲು. "ಮೊದಲು ದೊಡ್ಡದನ್ನು ನೋಡಿ, ಆಮೇಲೆ ನಿಮ್ಮದನ್ನು ಆರಿಸೋಣ," ಎಂದು ಧಣಿಗಳನ್ನೂ ನನ್ನನ್ನೂ ಫೋರ್ಟ್ ಬಡಾವಣೆಯ ಒಂದು ಆಫೀಸು ಕಟ್ಟಡಕ್ಕೆ ಕರೆದುಕೊಂಡು ಹೋದರು. ಹೊರಗೆ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಗಾಜಿನ ಬಾಗಿಲು ದಾಟಿ ಒಳಗೆ ಕಾಲಿಟ್ಟೆವು ನೋಡಿ, ನನ್ನ ಬೆವರು ನಿಂತುಹೋಯಿತು. ಆರಿತು ಅಂತಲ್ಲ, ನಿಂತಿತು. ಹುಟ್ಟಿದಂದಿನಿಂದ ಜೊತೆಗಿದ್ದ ಶಬ್ದವೊಂದು ಥಟ್ಟನೆ ನಿಂತಾಗ ಗಾಬರಿಯಾಗುವುದಿಲ್ಲವೇ, ಹಾಗೆ ನನಗೆ ಗಾಬರಿಯಾಯಿತು. ಅಲ್ಲಿನ ಗುಮಾಸ್ತರು ಬಟನ್ನುಗಳನ್ನೆಲ್ಲ ಹಾಕಿಕೊಂಡು, ಒಣಗಿದ ಕೈಗಳಿಂದ ಕಾಗದ ಬರೆಯುತ್ತಿದ್ದರು. ಕಾಗದ ಮೊಣಕೈಗೆ ಅಂಟಿಕೊಂಡು ಮೇಲೇಳುತ್ತಿರಲಿಲ್ಲ. ಹೀಗೂ ದುಡಿಯುವವರಿದ್ದಾರೆ ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಅಲ್ಲಿಂದ ನೆಲಮಾಳಿಗೆಗೆ ಇಳಿದೆವು. ಆನೆಯ ಹೊಟ್ಟೆಯಷ್ಟು ದಪ್ಪದ ಕಬ್ಬಿಣದ ಹಂಡೆಗಳು ಅಡ್ಡಡ್ಡ ಮಲಗಿದ್ದವು. ಅವುಗಳಿಂದ ಹೊರಟ ಪೈಪುಗಳು ಗೋಡೆ ತೂರಿಕೊಂಡು ಎಂಟು ಮಹಡಿ ಹತ್ತುತ್ತಿದ್ದವಂತೆ. ಒಂದು ಪೈಪನ್ನು ಮುಟ್ಟಿದೆ, ಅದು ಬೆವರುತ್ತಿತ್ತು. ಮನುಷ್ಯರು ಬೆವರಬೇಕಾದ್ದನ್ನೆಲ್ಲ ತಾನೊಂದೇ ಬೆವರುತ್ತಿದೆ ಎನ್ನಿಸಿ ಅದರ ಮೇಲೆ ನನಗೆ ಭಕ್ತಿ ಹುಟ್ಟಿತು, ನಿಜವಾಗಿಯೂ ಭಕ್ತಿಯೇ. ಧಣಿಗಳು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಅದನ್ನು ಯಾರೂ ಹೇಳಿರಲಿಲ್ಲ, ಅವರಿಗೇ ಹಾಗೆ ತೋರಿತ್ತು.

ತಂಪನ್ನು ಟನ್ನಿನಲ್ಲಿ ಅಳೆಯುತ್ತಾರೆಂದು ದಸ್ತೂರರು ಅಲ್ಲೇ ನಿಂತು ಹೇಳಿದರು. ಒಂದು ಟನ್ ಐಸು ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟಕ್ಕೆ ಒಂದು ಟನ್ ತಂಪು. ನಮ್ಮ ಹೋಟೆಲಿಗೆ ದಿನಾ ಕೈಗಾಡಿಯಲ್ಲಿ ಗೋಣಿ ಸುತ್ತಿಕೊಂಡು ಬರುವ ಐಸಿನ ತುಂಡು ನೆನಪಾಯಿತು. ಅಂಥವು ಎಷ್ಟೋ ಗಾಡಿಗಳು ಕಣ್ಣಿಗೆ ಕಾಣದೆ ಪೈಪಿನೊಳಗೆ ಓಡಾಡುತ್ತಿವೆ ಎಂದುಕೊಂಡರೆ ತಲೆ ತಿರುಗಿದಂತಾಯಿತು. ಇಂಟರ್‌ನಲ್ಲಿ ಇದನ್ನೆಲ್ಲ ನಮಗೂ ಹೇಳಿರಬೇಕು. ಆದರೆ ಆ ಕ್ಲಾಸಿನಲ್ಲೂ ನಾನು ಬೆವರು ಒರೆಸಿಕೊಳ್ಳುತ್ತಿದ್ದೆ.

ಇಡೀ ಕಟ್ಟಡಕ್ಕೇ ತಂಪು ಮಾಡಿಸಬೇಕೆಂದು ಹೊರಟಿದ್ದ ಧಣಿಗಳು ಹಂಡೆಗಳನ್ನು ನೋಡಿದ ಮೇಲೆ ಮೊದಲ ಮಹಡಿಯ ಫ್ಯಾಮಿಲಿ ಹಾಲೊಂದೇ ಸಾಕು ಎನ್ನುವಲ್ಲಿಗೆ ಇಳಿದರು. ಅದಕ್ಕೆ ಎರಡು ದಾರಿ ಎಂದರು ದಸ್ತೂರರು. ಕಪಾಟಿನಂಥ ಒಂದೇ ದೊಡ್ಡ ಮೆಷಿನ್ ಇಡಬಹುದು, ಆದರೆ ಅದಕ್ಕೆ ದಿನವಿಡೀ ನೀರು ಬೇಕು. ಇಲ್ಲವಾದರೆ ಕಿಟಕಿಗೆ ಕೂರಿಸುವ ಪೆಟ್ಟಿಗೆಗಳು, ಅವಕ್ಕೆ ನೀರು ಬೇಡ. ನಮ್ಮ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಎರಡು ತಾಸು. "ಅಕ್ಕಿ ನೆನೆಹಾಕ್ಲಿಕ್ಕೆ ನೀರಿಲ್ಲ, ಇನ್ನು ಮೆಷಿನ್ನಿಗೆ ಕುಡಿಸುದಾ ಮಾರಾಯ?" ಎಂದರು ಧಣಿಗಳು. ಹಾಗೆ ಪೆಟ್ಟಿಗೆಗಳೇ ಗಟ್ಟಿಯಾದವು. ಎಷ್ಟು ಪೆಟ್ಟಿಗೆ, ಎಷ್ಟು ಟನ್ನಿನವು ಎಂದು ಲೆಕ್ಕ ಹಾಕಲು ತಾವೇ ಬಂದು ಹಾಲ್ ನೋಡುವುದಾಗಿ ದಸ್ತೂರರು ಹೇಳಿದರು.

ಇಲ್ಲಿ ನಮ್ಮ ಹೋಟೆಲಿನ ಒಂದು ಪದ್ಧತಿಯನ್ನು ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ದಿನವೇ ಧಣಿಗಳು ಹೇಳಿಕೊಟ್ಟ ಮೊದಲ ಪಾಠ ಅದು. "ಟೇಪು ಹಿಡಿದುಕೊಂಡು ಯಾರೇ ಬರ್ಲಿ, ಪೆನ್ನು ತೆಗೆದು ಎಷ್ಟು ಅಂತ ಕೇಳಿದ್ರೆ ಅರ್ಧ ಹೇಳು. ಪೂರ್ತಿ ಹೇಳಿದ್ರೆ ನಾಳೆ ಅದಕ್ಕೊಂದು ಕಾನೂನು ತರ್ತಾನೆ." ಕುರ್ಚಿ ಎಣಿಸುವವರು, ನಲ್ಲಿ ಎಣಿಸುವವರು, ಒಲೆ ಎಣಿಸುವವರು ಹೀಗೆ ಹನ್ನೆರಡು ವರ್ಷದಲ್ಲಿ ಎಷ್ಟೋ ಮಂದಿ ಬಂದು ಹೋಗಿದ್ದರು. ಎಲ್ಲರೂ ಅರ್ಧವನ್ನೇ ಬರೆದುಕೊಂಡು, ಒಂದು ಮಸಾಲೆದೋಸೆಯನ್ನು ಪೂರ್ತಿ ತಿಂದು ಹೋಗುತ್ತಿದ್ದರು. ಗಿರಾಕಿಗಳ ಲೆಕ್ಕ ನೋಡಿ ಸಕ್ಕರೆ ಕೋಟಾ ಕೊಡುವವರು ಬಂದಾಗ ಮಾತ್ರ ಆ ಸಂಖ್ಯೆ ಇಮ್ಮಡಿಯಾಗುತ್ತಿತ್ತು. ಸಾಣೂರಿನ ಸದಾಶಿವ ಎಂಬ ನಮ್ಮ ಹಳೆಯ ಸಪ್ಲಾಯರ್ ಇದರಲ್ಲಿ ಎಷ್ಟು ಪಳಗಿದ್ದನೆಂದರೆ, ಮೆಟ್ಟಿಲ ಬುಡದಲ್ಲಿ ಅಳತೆಪಟ್ಟಿ ಹಿಡಿದ ಕೈ ಕಂಡರೆ ಸಾಕು, ಮೇಲಿನ ಹಾಲಿನ ಅರುವತ್ತು ಕುರ್ಚಿಗಳಲ್ಲಿ ಮೂವತ್ತು ತಾರಸಿ ಸೇರಿರುತ್ತಿದ್ದವು.

ದಸ್ತೂರರು ಬಂದ ದಿನ ಅವರ ಕೈಯಲ್ಲಿ ಟೇಪಿತ್ತು.

ಅವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಸದಾಶಿವ ತನ್ನ ಕೆಲಸ ಮುಗಿಸಿ ಏನೂ ಆಗದವನಂತೆ ಮೇಜು ಒರೆಸುತ್ತಿದ್ದ. ನಾನಾದರೂ ತಡೆಯಬಹುದಿತ್ತು. ಆದರೆ ನನಗೂ ಅದು ಉಸಿರಾಟದ ಹಾಗೆ ಆಗಿಹೋಗಿತ್ತು. ದಸ್ತೂರರು ಗೋಡೆ ಅಳೆದರು, ಛಾವಣಿಯ ಎತ್ತರ ಅಳೆದರು, ಪಶ್ಚಿಮದ ಕಿಟಕಿಯ ಹತ್ತಿರ ನಿಂತು ಸೂರ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಾನೆಂದು ಕೇಳಿದರು. ಬಾಗಿಲು ತಾಸಿಗೆ ಎಷ್ಟು ಸಲ ತೆರೆಯುತ್ತದೆ, ಜನ ಬಿಸಿಬಿಸಿ ತಿನ್ನುತ್ತಾರೋ ತಣ್ಣಗೆ ತಿನ್ನುತ್ತಾರೋ ಎಂದೆಲ್ಲ ಕೇಳಿದರು. ನಮ್ಮ ಹಾಲನ್ನು ಇಷ್ಟು ಪ್ರೀತಿಯಿಂದ ವಿಚಾರಿಸಿದವರು ಇನ್ನೊಬ್ಬರಿಲ್ಲ. ಆಮೇಲೆ ಪೆನ್ಸಿಲ್ ತೆಗೆದರು.

"ಕಿತ್ನಾ ಆದ್ಮಿ ಬೈಠ್ತಾ ಹೈ?"

"ತೀಸ್," ಎಂದೆ. ಕೂರುವವರು ಅರುವತ್ತು, ಹೇಳಿದ್ದು ಮೂವತ್ತು.

ಕೆಳಗೆ ಅಡುಗೆಮನೆಯಲ್ಲಿ ಒಲೆಯ ಭಟ್ಟಿ ನಾಲ್ಕಿದ್ದವು, ಎರಡು ಎಂದೆ. ಬಲ್ಬು ಹದಿನಾರು, ಎಂಟು ಎಂದೆ. ಸಪ್ಲಾಯರುಗಳು ನಾಲ್ವರು, ಇಬ್ಬರು ಎಂದೆ. ಸೂರ್ಯನನ್ನು ಮಾತ್ರ ಅರ್ಧ ಮಾಡಲು ದಾರಿ ಇರಲಿಲ್ಲ, ಅವನು ಕಿಟಕಿಯಲ್ಲೇ ನಿಂತಿದ್ದ. ದಸ್ತೂರರು ಜಾರುವ ಪಟ್ಟಿಯ ಒಂದು ಅಳತೆಗೋಲನ್ನು ಆಚೆ ಈಚೆ ಸರಿಸಿ, ಮನುಷ್ಯನೊಬ್ಬ ಸುಮ್ಮನೆ ಕುಳಿತರೂ ಇಂತಿಷ್ಟು ಶಾಖ ಬಿಡುತ್ತಾನೆ ಎಂದು ಲೆಕ್ಕ ಮಾಡುತ್ತ ಹೋದರು. ಕುಳಿತಲ್ಲೇ ಬೆವರುವ ನನಗೆ ಒಂದು ಶಾಸ್ತ್ರದ ಆಧಾರ ಸಿಕ್ಕಿದಂತಾಗಿ ನಾನು ಬಾಯಿ ತೆರೆದು ನೋಡುತ್ತ ನಿಂತೆ. ಕೊನೆಗೆ ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಚೆಂದವಾಗಿ ಸಹಿ ಹಾಕಿದೆ.

ಒಂದು ತಿಂಗಳಲ್ಲಿ ಪೆಟ್ಟಿಗೆಗಳು ಬಂದವು, ಎರಡು. ಅವು ಕೂರುವಷ್ಟು ಜಾಗ ಬಿಟ್ಟು ಉಳಿದ ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಸಿದೆವು. ಫ್ಯಾನುಗಳನ್ನು ಬಿಚ್ಚಿಸಿದೆವು. ಬಾಗಿಲ ಪಕ್ಕದಲ್ಲಿ ಸಣ್ಣದೊಂದು ಗಲ್ಲಾ ಬಂತು, ಅದರ ಹಿಂದೆ ಕುಶನ್ ಹಾಕಿದ ಕುರ್ಚಿ. ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಪರೀಕ್ಷೆಗೆಂದು ಸ್ವಿಚ್ ಹಾಕಿದಾಗ ಹಾಲಿನಲ್ಲಿದ್ದವರು ಧಣಿಗಳು, ಸದಾಶಿವ ಮತ್ತು ನಾನು. ಪೆಟ್ಟಿಗೆಗಳು ಗಂಟಲು ಸರಿಮಾಡಿಕೊಂಡು ಗುಂಯ್‌ಗುಡತೊಡಗಿದವು. ಕಾಲು ಗಂಟೆಯಲ್ಲಿ ಘಾಟ್ಕೋಪರಿನ ನಡುವೆ ಮಾಘಮಾಸದ ಬೆಳಗು ಬಂದಿಳಿಯಿತು. ನಾನು ಕುಶನ್ನಿನ ಕುರ್ಚಿಯಲ್ಲಿ ಕುಳಿತೆ. ಬೆನ್ನು ಒಣಗಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಅಂಗಿಯೂ ನಾನೂ ಬೇರೆಬೇರೆಯಾಗಿದ್ದೆವು. ಸುಳ್ಳೇಕೆ, ನನಗೆ ಕಣ್ಣಲ್ಲಿ ನೀರು ಬಂತು. ಧಣಿಗಳು ಅತ್ತ ತಿರುಗಿಕೊಂಡು ಮೂಗು ಒರೆಸಿಕೊಂಡರು, ನೆಗಡಿ ಎಂದರು.

ಮರುದಿನ ಭಾನುವಾರ. ನಾನು ಹೊಸ ಸ್ವೆಟರ್ ತೊಟ್ಟು ಗಲ್ಲಾದಲ್ಲಿ ಕುಳಿತೆ. ಹನ್ನೊಂದು ಗಂಟೆಗೆ ಇಪ್ಪತ್ತು ಜನ ಇದ್ದರು, ಸ್ವರ್ಗವಾಗಿತ್ತು. ಹನ್ನೆರಡಕ್ಕೆ ಅರುವತ್ತು ಕುರ್ಚಿಗಳೂ ತುಂಬಿದವು. ಜನ ಮೊದಲು ಕರ್ಚೀಫು ತೆಗೆದರು, ಆಮೇಲೆ ಮೆನುಕಾರ್ಡಿನಿಂದ ಗಾಳಿ ಹಾಕಿಕೊಂಡರು. ಕಿಟಕಿ ತೆರೆಯೋಣವೆಂದರೆ ಅಲ್ಲಿ ಗೋಡೆ, ಫ್ಯಾನು ಹಾಕೋಣವೆಂದರೆ ಅಲ್ಲಿ ಬರೀ ಕೊಂಡಿ. ಕೆಳಗೆ ನಾಲ್ಕು ಭಟ್ಟಿಗಳು ಭಾನುವಾರದ ಉತ್ಸಾಹದಲ್ಲಿ ಉರಿಯುತ್ತಿದ್ದವು. ಒಬ್ಬ ಗುಜರಾತಿ ಮುದುಕಿ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು, ಗಾಳಿಗಾಗಿ ಮೆಟ್ಟಿಲ ಮೇಲೆ ಕುಳಿತು ಊಟ ಮುಗಿಸಿದಳು. ಸ್ವೆಟರ್ ಬಿಚ್ಚಲು ಹೋದೆ, ಅದು ಬರಲಿಲ್ಲ. ಸದಾಶಿವ ಬಂದು ಎಳೆದು ತೆಗೆದ.

ಧಣಿಗಳು ಕೆಂಡವಾಗಿ ದಸ್ತೂರರನ್ನು ಕರೆಸಿದರು. "ಹಾಳು ಮೆಷಿನ್ ಕೊಟ್ಟಿರಿ," ಎಂದು ಹಿಂದಿಯಲ್ಲೂ, ಸಾಲದೆ ತುಳುವಿನಲ್ಲೂ ಹೇಳಿದರು. ದಸ್ತೂರರು ಕುರ್ಚಿಗಳನ್ನು ಎಣಿಸಿದರು. ಕೆಳಗೆ ಹೋಗಿ ಭಟ್ಟಿಗಳನ್ನು ಎಣಿಸಿ ಬಂದರು. ಆಮೇಲೆ ನನ್ನ ಸಹಿಯಿದ್ದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು ಮೆಲ್ಲಗೆ ಕೇಳಿದರು. ಅವರು ಹಿಂದಿಯಲ್ಲಿ ಕೇಳಿದ್ದು ಇಷ್ಟು: "ಡಾಕ್ಟರ ಹತ್ತಿರ ಹೋದರೂ ಹೀಗೇ ಅರ್ಧ ಜ್ವರ ಹೇಳುತ್ತೀರಾ?"

ಧಣಿಗಳು ಹಾಳೆಯನ್ನು ಓದಿದರು. ನನ್ನನ್ನು ನೋಡಿದರು. ತಾವೇ ಕಲಿಸಿದ ಪಾಠವನ್ನು ಶಿಷ್ಯ ಒಂದಕ್ಷರ ತಪ್ಪದೆ ಒಪ್ಪಿಸಿದರೆ ಗುರು ಏನು ಬೈದಾನು?

ಮೂರನೆಯ ಪೆಟ್ಟಿಗೆಗೆ ನಮ್ಮ ಕರೆಂಟಿನ ಲೈನು ತಡೆಯುವಂತಿರಲಿಲ್ಲ. ಉಳಿದದ್ದು ಒಂದೇ ಉಪಾಯ, ಹಾಳೆಯಲ್ಲಿ ಬರೆದಂತೆ ಬದುಕುವುದು. ಮೂವತ್ತು ಕುರ್ಚಿ, ಇಬ್ಬರು ಸಪ್ಲಾಯರು, ಎಂಟು ಬಲ್ಬು. ಎರಡು ಭಟ್ಟಿಗಳನ್ನು ಹಿತ್ತಲಿಗೆ ಹಾಕಿದೆವು. ಎಲ್ಲ ಹೊಂದಿಸಿದ ಮೇಲೆ ದಸ್ತೂರರ ಪೆನ್ಸಿಲು ಬಾಗಿಲ ಪಕ್ಕದ ಗಲ್ಲಾದ ಕಡೆಗೆ ತಿರುಗಿತು. ಇದು ಹಾಳೆಯಲ್ಲಿ ಇಲ್ಲ ಎಂದರು. ಗಿರಾಕಿ ಅರ್ಧ ತಾಸು ಕುಳಿತು ಎದ್ದುಹೋಗುತ್ತಾನೆ, ಇವರು ಬೆಳಗಿನಿಂದ ರಾತ್ರಿಯವರೆಗೆ ಕೂರುವವರು. ಅದರಲ್ಲೂ, ಎಂದು ನನ್ನ ಗಾತ್ರವನ್ನು ಕಣ್ಣಿನಿಂದಲೇ ಅಳೆದು, ಇವರೊಬ್ಬರು ಇಬ್ಬರ ಶಾಖ ಬಿಡುವವರು ಎಂದರು.

ನಾನು ಧಣಿಗಳ ಮುಖ ನೋಡಿದೆ. ಅವರಿಗೆ ಪಾಪ ಬೇಸರವೇ ಆಗಿತ್ತು.

"ಎಂತ ಮಾಡುದು ಗೋಪಾಲ? ನೀನು ಕೊಟ್ಟ ಲೆಕ್ಕದಲ್ಲಿ ಬಾಕಿ ಎಲ್ಲ ಅರ್ಧ ಆದ್ರೂ ಉಂಟು. ನೀನು ಇಲ್ಲವೇ ಇಲ್ಲ."

ಹಾಗೆ ನಾನು ಮತ್ತೆ ಕಾವಲಿಗೆ ಬೆನ್ನು ಕೊಟ್ಟು ಕುಳಿತೆ. ಮೇಲಿನ ಹಾಲಿಗೆ ಒಳ್ಳೆಯ ಹೆಸರು ಬಂತು. ಕುರ್ಚಿ ಎಣಿಸುವ ಸಾಹೇಬರು ಒಮ್ಮೆ ಬಂದು ಎಣಿಸಿದಾಗ ಪುಸ್ತಕದಲ್ಲೂ ಮೂವತ್ತು, ಹಾಲಿನಲ್ಲೂ ಮೂವತ್ತು. ಅವರಿಗೆ ನಂಬಿಕೆಯಾಗದೆ ತಾರಸಿಗೆ ಹೋಗಿ ನೋಡಿದರು, ನೀರಿನ ಟಾಂಕಿಯ ಹಿಂದೆ ಬಗ್ಗಿ ನೋಡಿದರು. "ಬಾಕೀ ಕಿದರ್ ಹೈ?", ಉಳಿದ ಕುರ್ಚಿ ಎಲ್ಲಿ, ಎಂದು ಸದಾಶಿವನನ್ನು ಗುಟ್ಟಿನಲ್ಲಿ ಕೇಳಿದರಂತೆ. ನಿಜ ಹೇಳಿ ಅನುಮಾನಕ್ಕೆ ಗುರಿಯಾದದ್ದು ನಮ್ಮ ಹೋಟೆಲಿನ ಚರಿತ್ರೆಯಲ್ಲಿ ಅದೇ ಮೊದಲು.

ಡಿಸೆಂಬರ್ ಬಂದರೆ ಮಾತ್ರ ನನಗೆ ಸ್ವಲ್ಪ ಕಷ್ಟ. ಬಿಸಿಲು ಇಳಿದಿರುತ್ತದೆ, ಪೆಟ್ಟಿಗೆಗಳಿಗೆ ಹುರುಪು ಬಂದಿರುತ್ತದೆ. ಊಟ ಮುಗಿಸಿದ ಸಂಸಾರಗಳು ಸೆರಗು ಹೊದ್ದುಕೊಂಡು, ಕೈ ಉಜ್ಜಿಕೊಳ್ಳುತ್ತ ಮೆಟ್ಟಿಲಿಳಿದು ನನ್ನ ಗಲ್ಲಾದ ಮುಂದೆ ನಿಲ್ಲುತ್ತವೆ. "ಭಾಯಿಸಾಬ್, ಊಪರ್ ಬಹುತ್ ಥಂಡಾ ಹೈ," ಮೇಲೆ ಚಳಿ ತಡೆಯಲಾಗುತ್ತಿಲ್ಲ, ಏನಾದರೂ ಮಾಡಿ ಎನ್ನುತ್ತಾರೆ. ನಾನು ಹಣೆಯ ಬೆವರು ಒರೆಸಿಕೊಂಡು, ಮೇಲೆ ಇನ್ನೊಬ್ಬರು ಕೂತರೆ ಎಲ್ಲ ಸರಿಹೋಗುತ್ತದೆ ಎನ್ನುತ್ತೇನೆ. ಆ ಇನ್ನೊಬ್ಬರು ಯಾರು ಎಂದು ಇದುವರೆಗೆ ಯಾರೂ ಕೇಳಿಲ್ಲ.