ಮುತ್ತಿಗೆಯ ದಿನದ ಮುದ್ದೆ

1978ರ ಜನವರಿ, ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಕೋಲಾರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಕಮಲ, ಮತ್ತು ಮಾಲೂರಿನಿಂದ ಬಂದಿದ್ದ ಗೆಳೆಯ ನಾರಾಯಣಪ್ಪ. ಅವರೂ ನನ್ನ ಹಾಗೆ ಐತಿಹಾಸಿಕ ಕಾದಂಬರಿ ಬರೆಯುವವರು. ಮೂವತ್ತು ವರ್ಷ ಹೆಡ್‌ಮಾಸ್ತರಾಗಿದ್ದವನಿಗೆ ಹಾಜರಿ ಹಾಕದೆ ಯಾವ ಮಾತೂ ಶುರುವಾಗುವುದಿಲ್ಲ. ನನ್ನನ್ನು ಕಾಣಬರುವ ಓದುಗರಿಗೂ ನಾನು ವೇಳೆ ಗೊತ್ತುಮಾಡಿದ್ದೆ: ಭಾನುವಾರ ಹತ್ತರಿಂದ ಹತ್ತೂವರೆ. ಹತ್ತು ಮೂವತ್ತೊಂದಕ್ಕೆ ಹೊಗಳಿಕೆ ಬಂದರೂ ಮುಂದಿನ ವಾರಕ್ಕೆ. ನಿಜ ಹೇಳಬೇಕೆಂದರೆ, ಹಾಗೆ ಸಾಲುಗಟ್ಟಿ ಬಂದವರು ಯಾರೂ ಇರಲಿಲ್ಲ.

ಅಂದು ಸಂಜೆ ಐದಕ್ಕೆ ಅಚ್ಚುಕೂಟದವರು ನನ್ನ ಕಾದಂಬರಿಯ ಎರಡನೆಯ ಮುದ್ರಣಕ್ಕಾಗಿ ತಿದ್ದಿದ ಪ್ರತಿಯನ್ನು ಒಯ್ಯಲು ಬರುವವರಿದ್ದರು. ಮುಳಬಾಗಿಲು ಸೀಮೆಯ ಒಂದು ಕೋಟೆಗೆ ಮುತ್ತಿಗೆ ಬಿದ್ದ ಕಥೆ ಅದು. ಏಳು ವರ್ಷ ಶಾಸನಗಳನ್ನು ಓದಿ, ಕತ್ತಿಯ ಉದ್ದ, ಕುದುರೆಯ ಲಾಳ ಎಲ್ಲವನ್ನೂ ವಿಚಾರಿಸಿ ಬರೆದಿದ್ದೆ. ತಿದ್ದಲು ಏನೂ ಇಲ್ಲವೆಂದು ನಾನೂ ನಾರಾಯಣಪ್ಪನವರೂ ತೀರ್ಮಾನಿಸಿ ಕಾಫಿ ಕುಡಿಯುತ್ತಿದ್ದಾಗ, ತಾಯಲೂರಿನ ರೆಡ್ಡೆಮ್ಮ ಎಂಬಾಕೆ ಗಂಡನೊಡನೆ ಬಸ್ಸಿಳಿದು ಬಂದರು. ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುವಾಗ ಅವರ ಮನೆಯ ಹೆಂಗಸರೆಲ್ಲ ನನ್ನ ಪುಸ್ತಕವನ್ನು ಓದಿಸಿ ಕೇಳಿದರಂತೆ. ನನ್ನ ಎದೆ ಉಬ್ಬಿತು.

"ನಾಯಕ ಸತ್ತಾಗ ಎಲ್ರೂ ಅತ್ವಿ ಸ್ವಾಮಿ," ಎಂದರು ರೆಡ್ಡೆಮ್ಮ. "ಆದ್ರೆ ಆ ಮುದ್ದೆ ಬಂತಲ್ಲ, ಆಗ ನಗು ತಡ್ಯೋಕಾಗ್ಲಿಲ್ಲ."

"ಯಾವ ಮುದ್ದೆ?"

ಆಕೆ ಗಂಡನ ಕಡೆ ತಿರುಗಿ "ಚೆಪ್ಪಯ್ಯಾ ನುವ್ವು", ನೀನೇ ಹೇಳಯ್ಯಾ, ಎಂದು ತೆಲುಗಿನಲ್ಲಿ ತಿವಿದರು. ಆತ ಟವಲನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದ. ಕೊನೆಗೆ ಆಕೆಯೇ ಹೇಳಬೇಕಾಯಿತು. ಮುತ್ತಿಗೆಯ ಅಧ್ಯಾಯದಲ್ಲಿ ನನ್ನ ನಾಯಕಿ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಒಂದೊಂದಾಗಿ ಬಿಟ್ಟು, ಇನ್ನೂರು ಸಿಪಾಯಿಗಳಿಗೆ ಬಡಿಸುತ್ತಾಳೆ.

"ಹಂಗ್ ಬಿಟ್ರೆ ಅರ್ಧ ಕರಗಿ ಅಂಬ್ಲಿ, ಇನ್ನರ್ಧ ಹಸೀ ಹಿಟ್ಟು. ಅದನ್ನ ತಿಂದು ಕೋಟೆ ಕಾದ್ರಾ ಪಾಪ? ಸೋತಿದ್ದು ಅದ್ಕೇ ಅಂದ್ಳು ನಮ್ಮ ಓರಗಿತ್ತಿ."

ಹುಟ್ಟಿದಾಗಿನಿಂದ ಮುದ್ದೆ ನುಂಗಿದವನು ನಾನು. ತಟ್ಟೆಗೆ ಬರುವ ಮುಂಚೆ ಅದಕ್ಕೆ ಏನೇನಾಗುತ್ತದೆಂದು ಒಮ್ಮೆಯೂ ಹೋಗಿ ನೋಡಿರಲಿಲ್ಲ. ನಾರಾಯಣಪ್ಪನವರ ಮುಖ ನೋಡಿದೆ. ಅವರು ಕಾಫಿ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು. 'ಅಡುಗೆಮನೆಯ ಚಿತ್ರ ಕಣ್ಣಿಗೆ ಕಟ್ಟುವಂತಿದೆ' ಎಂದು ವಿಮರ್ಶೆ ಬರೆದವರು ಅವರೇ.

"ಕಮಲಾ, ಶುದ್ಧಪ್ರತಿ ಬರೆದವಳು ನೀನಲ್ವೇನೇ? ಒಂದು ಮಾತು ಹೇಳ್ಬಾರ್ದಿತ್ತಾ?"

"ಒಂದಕ್ಷರ ಆಚೀಚೆ ಮಾಡ್ಬಾರ್ದು ಅಂದಿದ್ರಲ್ಲ ನೀವು? ಆಗಿನ ಕಾಲ್ದಲ್ಲಿ ಹಾಗೇ ಮಾಡ್ತಿದ್ರೇನೋ ಅಂದ್ಕೊಂಡೆ," ಎಂದಳು ಕಮಲ. ಅವಳು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಐದು ಗಂಟೆಯೊಳಗೆ ಆ ಪುಟ ಸರಿಯಾಗಬೇಕು, ಇಲ್ಲವಾದರೆ ಇನ್ನೊಂದು ಸಾವಿರ ಪ್ರತಿಯಲ್ಲಿ ಸಿಪಾಯಿಗಳು ಹಸಿ ಹಿಟ್ಟು ತಿನ್ನಬೇಕು. ಕಾಗದ, ಪೆನ್ನು ಹಿಡಿದು ಕೂತೆ. "ಬರ್ಕೊಂಡ್ರೆ ಬರೋದಲ್ಲ ಸ್ವಾಮಿ, ಏಳಿ," ಎಂದು ರೆಡ್ಡೆಮ್ಮ ನನ್ನನ್ನು ಅಡುಗೆಮನೆಗೆ ಹೊರಡಿಸಿದರು. ಕುದಿಯುವ ಎಸರಿಗೆ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಉಕ್ಕಿ ಬೇಯುವವರೆಗೆ ಕಾಯಬೇಕು. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಜಾರದಂತೆ ಒತ್ತಿ ಹಿಡಿದು, ಗಂಟು ಒಡೆಯುವಂತೆ ತಿರುವಬೇಕು. ಹತ್ತು ಸುತ್ತಿಗೇ ನನ್ನ ಭುಜ ಬಿದ್ದುಹೋಯಿತು.

"ಇನ್ನೂರು ಜನಕ್ಕೆ ಒಬ್ಳೇ ತಿರುವಿದ್ಳಂತೆ ನಿಮ್ಮ ಅಮ್ಮಣ್ಣಿ!" ಎಂದು ರೆಡ್ಡೆಮ್ಮ ಮತ್ತೆ ನಕ್ಕರು.

ಆ ನಗುವಿನಲ್ಲೇ ನನಗೆ ದಾರಿ ಕಂಡಿತು. ಕೋಟೆಯೊಳಗಿನ ಹೆಂಗಸರೆಲ್ಲ ಸರದಿಯ ಮೇಲೆ ಕೋಲು ಹಿಡಿದಿರಬೇಕು. ನಾನು ಓದಿದ ಯಾವ ಶಾಸನವೂ ಹೆಸರಿಸದ ಆ ಹೆಂಗಸರು ಹಾಗೆ ನನ್ನ ಪುಸ್ತಕದೊಳಗೆ ಬಂದರು. ಅವರನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟುಹೋದ ರೆಡ್ಡೆಮ್ಮನವರನ್ನು ಇಂದಿಗೂ ಕೈಮುಗಿದು ನೆನೆಯುತ್ತೇನೆ.

ಗಂಟುಗಂಟಾದ ನನ್ನ ಮುದ್ದೆಯನ್ನು ಐವರೂ ಹುರುಳಿ ಸಾರಿನಲ್ಲಿ ಅದ್ದಿ ಉಂಡೆವು. "ಇದಕ್ಕೆ ಮಾತ್ರ ವಿಮರ್ಶೆ ಬರೆಯೋಲ್ಲ ಕಣ್ರೀ," ಎಂದರು ನಾರಾಯಣಪ್ಪ.

ಮಧ್ಯಾಹ್ನ ಬರೆದ ಹೊಸ ಪುಟವನ್ನು ಕಮಲಳ ಕೈಗೆ ಕೊಟ್ಟು, ಮದುವೆಯಾದ ಮೇಲೆ ಮೊದಲ ಸಲ, "ತಪ್ಪಿದ್ರೆ ತಿದ್ದು," ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಆ ಪುಟವನ್ನು ಪಕ್ಕಕ್ಕಿಟ್ಟು ಪುಸ್ತಕದ ಮೊದಲನೆಯ ಪುಟ ತೆರೆದಳು. ಐದಕ್ಕೆ ಬಂದ ಅಚ್ಚುಕೂಟದವರು ಎರಡು ಸಲ ಕಾಫಿ ಕುಡಿದು ಕಾದು, ಪ್ರತಿ ತೆಗೆದುಕೊಂಡು ಹೋದರು. ಅಷ್ಟು ಹೊತ್ತೂ ನಾನು ಹಿತ್ತಲಲ್ಲಿ ಕೂತು, ತಳ ಹತ್ತಿದ ಮುದ್ದೆ ಪಾತ್ರೆಯನ್ನು ಬೂದಿ ಹಾಕಿ ಉಜ್ಜುತ್ತಿದ್ದೆ. ಅಂದಿನ ಕೊನೆಯ ಕೆಲಸ ಅದು. ಮುಗಿದಾಗ ಗಂಟೆ ಎಷ್ಟೆಂದು ನೋಡಿಕೊಳ್ಳಲು ಮರೆತೆ.