ಮಾಸ್ತರರ ಎಡಗೈ

ಮನುಷ್ಯನ ನಿಜವಾದ ಚಾರಿತ್ರ್ಯ ಸಂಕಟಕಾಲದಲ್ಲಿ ಬಯಲಾಗುತ್ತದೆಂದು ಹಿರಿಯರು ಹೇಳುತ್ತಾರೆ. ನನ್ನದು ಚೆಂಡು ಎಡಮಗ್ಗುಲಿಗೆ ಬಂದಾಗ ಬಯಲಾಗುತ್ತದೆ. ತಾಂಡೂರಿನ ಕಾಲೇಜಿನಲ್ಲಿ ಪಾಠ ಹೇಳುವ ನಾನು ಇಲ್ಲಿನ ಕ್ಲಬ್ಬಿನಲ್ಲಿ ಮೂವತ್ತು ವರ್ಷದಿಂದ ಟೆನಿಸ್ ಆಡುತ್ತಿದ್ದೇನೆ. ಎಡಕ್ಕೆ ಬಂದ ಚೆಂಡಿಗೆ ನಾನು ಬ್ಯಾಕ್‌ಹ್ಯಾಂಡ್ ಹೊಡೆಯುವುದು ಒಂದೇ ಕೈಯಲ್ಲಿ. ಈಗಿನವರೆಲ್ಲ ಎರಡು ಕೈ ಹಚ್ಚುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕೊಡಲಿ ಹಿಡಿದು ಕಟ್ಟಿಗೆ ಒಡೆಯುವ ಕೆಲಸ. ಅವರ ಚೆಂಡು ನೆಟ್ ದಾಟುತ್ತದೆ, ನನ್ನದು ದಾಟುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಬಿಟ್ಟರೆ, ಶೈಲಿಯಲ್ಲಿ ನಾನೇ ಮುಂದು.

ಈ ವ್ಯತ್ಯಾಸವನ್ನು ಬಹಳ ವರ್ಷ ಸಹಿಸಿದವರು ನನ್ನ ಡಬಲ್ಸ್ ಜೊತೆಗಾರ ಖಾದರ್‌ಭಾಯಿ. ಅವರದು ಕಲ್ಲಿಗೆ ಪಾಲಿಶ್ ಹೊಡೆಯುವ ಕಾರ್ಖಾನೆ. ಜಹೀರಾಬಾದಿನವರ ಜೊತೆ ಪಂದ್ಯ ಗೊತ್ತಾದ ದಿನ ಅವರು ಶಾಂತವಾಗಿ, “ಸಾಬ್, ದೋಸ್ತಿ ಅಂತ ಇಷ್ಟ ದಿನಾ ಸುಮ್ನಿದ್ದೆ. ಈ ಸಲ ನಿಮ್ಮ ಬ್ಯಾಕ್‌ಹ್ಯಾಂಡ್ ಒಂದ್ಸಲನೂ ನೆಟ್ ದಾಟ್ಲಿಲ್ಲಂದ್ರ, ನಾ ದನದ ಡಾಕ್ಟರ್ ಜೋಡಿ ಆಡ್ತೀನ್ರಿ,” ಎಂದರು. ದನದ ಡಾಕ್ಟರು ನಮ್ಮ ಕ್ಲಬ್ಬಿನವರೇ, ಎರಡು ಕೈಯವರು.

ತಪ್ಪು ತನ್ನಲ್ಲಿರಬಹುದೆಂಬ ಸಂಶಯ ಬಂದಾಗ ವಿವೇಕಿಯಾದವನು ಸಾಮಾನು ಬದಲಿಸುತ್ತಾನೆ. ಒಂದು ವಾರ ರಾಕೆಟ್ಟುಗಳ ಬಗ್ಗೆ ಓದಿದೆ. ಒಂದೇ ಕೈಯವನಿಗೆ ರಾಕೆಟ್ಟಿನ ಭಾರ ತಲೆಗಿಂತ ಹಿಡಿಯ ಕಡೆಗೆ ಹೆಚ್ಚಿರಬೇಕು. ತೀರ ಹಗುರವಾದರೆ ಎದುರಿನವನ ಹೊಡೆತಕ್ಕೆ ಅದೇ ನಡುಗುತ್ತದೆ; ತಂತಿ ಬಹಳ ಬಿಗಿಯಾದರೆ ಮೊಣಕೈ ನೋಯುತ್ತದೆ. ಊಟದ ಹೊತ್ತಿಗೆ ಸೌಟನ್ನು ಬೆರಳ ಮೇಲೆ ನಿಲ್ಲಿಸಿ ಸಮತೋಲ ಪರೀಕ್ಷಿಸುತ್ತಿದ್ದಾಗ ಹೆಂಡತಿ, “ಸಾರಿನ ಸೌಟದು, ಆಡಿದ್ದು ಸಾಕ್ರಿ, ಕೆಳಗಿಡ್ರಿ,” ಎಂದಳು. ವಿದ್ಯೆಗೆ ಮನೆಯಲ್ಲಿ ಮರ್ಯಾದೆ ಇಲ್ಲ.

ಜಹೀರಾಬಾದಿನ ಅಂಗಡಿಯಲ್ಲಿ ಕ್ರಿಕೆಟ್ ಬ್ಯಾಟುಗಳ ನಡುವೆ ಮೂರೇ ಟೆನಿಸ್ ರಾಕೆಟ್ಟು ತೂಗುತ್ತಿದ್ದವು. ನಾನು ಓದಿದ್ದನ್ನೆಲ್ಲ ಅಂಗಡಿಯವನಿಗೆ ವಿವರಿಸುವಷ್ಟರಲ್ಲಿ, ಜೊತೆಗೆ ಬಂದಿದ್ದ ಖಾದರ್‌ಭಾಯಿ ಒಂದೊಂದನ್ನೇ ಬೆರಳ ಮೇಲಿಟ್ಟು ನೋಡಿ ಮೂರನೆಯದನ್ನು ನನ್ನ ಕೈಗೆ ಕೊಟ್ಟರು. “ಕಲ್ಲು ಹೊರೋರಿಗೆ ಕೇಳ್ರಿ. ಭಾರ ಮೈಗೆ ಹತ್ರ ಇದ್ರ ಕೈ ಸೋಲಂಗಿಲ್ಲ.” ನನ್ನ ಒಂದು ವಾರದ ಅಧ್ಯಯನದ ಸಾರ ಅಷ್ಟೇ ಇತ್ತು.

ಹೊಸ ರಾಕೆಟ್ಟಿನಿಂದ ಚೆಂಡು ನೆಟ್ಟಿಗೆ ಮೊದಲಿಗಿಂತ ಜೋರಾಗಿ ಬಡಿಯತೊಡಗಿತು.

ಕೊನೆಗೆ ಬಸ್ಸು ಹಿಡಿದು ಬಶೀರಾಬಾದಿಗೆ ಹೋದೆ. ನನಗೆ ಟೆನಿಸ್ ಕಲಿಸಿದ ಡ್ರಿಲ್ ಮಾಸ್ತರು ವೀರಣ್ಣನವರು ನಿವೃತ್ತರಾಗಿ ಅಲ್ಲಿದ್ದಾರೆ. ರಾಕೆಟ್ಟನ್ನು ತಿರುಗಿಸಿ ನೋಡಿ, “ಚಲೋ ಅದ. ಹ್ಯಾಂಗ ಹೊಡೀತಿ ತೋರ್ಸು,” ಎಂದರು. ಅಂಗಳದಲ್ಲಿ ನಿಂತು, ಎಡಗೈ ಸೊಂಟದ ಮೇಲಿಟ್ಟು, ಶಾಸ್ತ್ರೋಕ್ತವಾಗಿ ಬೀಸಿದೆ.

“ಸೊಂಟದ ಮ್ಯಾಲ ಯಾಕ ಕೈ? ನಡಾ ಬ್ಯಾನಿ ಆಗ್ಯಾದೇನು?”

“ನೀವೇ ಕಲ್ಸಿದ್ದಲ್ರಿ ಸರ್. ನೀವೂ ಹಂಗೇ ಇಟ್ಕೊಂಡು ಹೊಡೀತಿದ್ರಿ.”

ಮಾಸ್ತರು ರಾಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು. “ನಾ ಧೋತ್ರ ಉಟ್ಟು ಆಡ್ತಿದ್ದೆ ತಮ್ಮಾ. ಓಡೋ ಮುಂದ ಬಿಚ್ಚಬಾರ್ದಂತ ಹಿಡ್ಕೋತಿದ್ದೆ. ನೀ ಆವಾಗೂ ಪ್ಯಾಂಟೇ ಹಾಕ್ತಿದ್ದೆಲ್ಲ.”

ರಾಕೆಟ್ಟನ್ನು ಹಿಂದಕ್ಕೊಯ್ಯುವಾಗ ಎಡಗೈ ಅದರ ಕುತ್ತಿಗೆಗೆ ಆಸರೆಯಾಗಬೇಕು, ಹೊಡೆಯುವಾಗ ಹಿಂದಕ್ಕೆ ಚಾಚಬೇಕು ಎಂದು ತೋರಿಸಿಕೊಟ್ಟರು. ಬಸ್ಸಿನಲ್ಲಿ ಮರಳುವಾಗ ಮನಸ್ಸು ಭಾರವಾಯಿತು. ಗುರುವಿನ ವಿದ್ಯೆ ಎಷ್ಟು ಬಂತೋ ತಿಳಿಯದು, ಅವರ ಅಡಚಣೆ ಮಾತ್ರ ಪೂರ್ತಿ ಬಂದಿದೆ. ಅದನ್ನೇ ನಾನು ಪರಂಪರೆ ಎಂದು ಕಾಪಾಡಿಕೊಂಡು ಬಂದಿದ್ದೇನೆ. ನಾನೂ ಪ್ರತಿ ಪಾಠವನ್ನು ಮೂರು ಸಲ ಕೆಮ್ಮಿ ಆರಂಭಿಸುತ್ತೇನೆ. ಎಲ್ಲೋ ಒಬ್ಬ ಶಿಷ್ಯ ಈಗ ತನ್ನ ತರಗತಿಯಲ್ಲಿ ಭಕ್ತಿಯಿಂದ ಕೆಮ್ಮುತ್ತಿರಬಹುದು.

ಪಂದ್ಯ ಜಹೀರಾಬಾದಿನಲ್ಲಿ ನಡೆಯಿತು. ಎಡಗೈ ಪ್ರತಿ ಸಲವೂ ತಾನಾಗಿ ಸೊಂಟಕ್ಕೆ ಹೋಯಿತು, ಚೆಂಡು ನೆಟ್ಟಿಗೆ ಹೋಯಿತು. ಖಾದರ್‌ಭಾಯಿ ಪ್ರತಿ ಸಲವೂ ನೆಟ್ಟಿನ ಬುಡದಿಂದ ಚೆಂಡು ಹೆಕ್ಕಿ ತಂದರು. ಕೊನೆಯ ಪಾಯಿಂಟಿಗೆ ಚೆಂಡು ಮತ್ತೆ ಎಡಕ್ಕೆ ಬಂದಾಗ, ಇಲ್ಲದ ಧೋತ್ರವನ್ನು ದೇವರಿಗೆ ಒಪ್ಪಿಸಿ ಕೈಯನ್ನು ಹಿಂದಕ್ಕೆ ಚಾಚಿದೆ. ಚೆಂಡು ನೆಟ್ ದಾಟಿತು, ಗೆರೆ ದಾಟಿತು, ಕಾಂಪೌಂಡನ್ನೂ ದಾಟಿ ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರಾಲಿಯಲ್ಲಿ ಕುಳಿತು ಹೊರಟುಹೋಯಿತು.

ಖಾದರ್‌ಭಾಯಿ ಟ್ರಾಲಿ ಮರೆಯಾಗುವವರೆಗೂ ನೋಡಿದರು. “ನೆಟ್ ಅಂತೂ ದಾಟ್ತಲ್ರಿ,” ಎಂದರು.

ಪಂದ್ಯ ಸೋತೆವು. ದನದ ಡಾಕ್ಟರಿಗೆ ಇನ್ನೂ ಜೊತೆಗಾರ ಸಿಕ್ಕಿಲ್ಲ.